ಚೀನಾದ ಕತ್ತಿವರಸೆ, ಕೆಳದಿಯ ಕಥೆ

ಚೀನೀ ಭಾಷೆಯಲ್ಲಿ ‘ವೂಷಿಯಾ’ ಎಂಬ ಮಾತಿದೆ. ‘ವೂ’ ಎಂದರೆ ಶಸ್ತ್ರವಿದ್ಯೆ. ‘ಷಿಯಾ’ ಎಂದರೆ ದುರ್ಬಲರ ಪರ ನಿಲ್ಲುವ ಧೀರ. ಕತ್ತಿವರಸೆಯ ಚೀನೀ ಚಿತ್ರಗಳಲ್ಲಿ ಜಗತ್ತು ಬೆರಗಾಗಿ ಕಂಡದ್ದು ಮೊದಲನೆಯದನ್ನು. ಆಂಗ್ ಲೀ ನಿರ್ದೇಶನದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ (2000) ನಾಲ್ಕು ಆಸ್ಕರ್ ಪ್ರಶಸ್ತಿ ಪಡೆಯಿತು. ಬಿದಿರ ತುದಿಯಲ್ಲಿ ನಡೆಯುವ ಅದರ ಕಾಳಗವನ್ನು ನಮ್ಮವರೂ ಮೆಚ್ಚಿದರು. ಆದರೆ ಈ ಪ್ರಕಾರದ ಜೀವವಿರುವುದು ಎರಡನೆಯದರಲ್ಲಿ: ಮೊರೆಹೊಕ್ಕವನನ್ನು ಕಾಯಬೇಕೇ, ಕೈಬಿಡಬೇಕೇ ಎಂಬ ಸಂದಿಗ್ಧದಲ್ಲಿ.

ಈ ಸಂದಿಗ್ಧ ಮಲೆನಾಡಿಗೆ ಹೊಸದಲ್ಲ. ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿ. ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಿಂದಿನ ಬಿದನೂರು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ—ಇವೆಲ್ಲ ಒಂದೇ ರಾಜ್ಯದ ನೆಲೆಗಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರ ಕಣ್ಣುತಪ್ಪಿಸಿ ಜಿಂಜಿಯತ್ತ ಹೊರಟಾಗ, ಇಲ್ಲಿ ಆಳುತ್ತಿದ್ದ ರಾಣಿ ಚೆನ್ನಮ್ಮ ಅವನಿಗೆ ಆಶ್ರಯವಿತ್ತಳು. ಔರಂಗಜೇಬನ ಸೇನೆ ಬೆನ್ನಟ್ಟಿ ಬರುವುದೆಂದು ತಿಳಿದೂ ಆಶ್ರಯವಿತ್ತಳು. ಸೇನೆ ಬಂದಿತು. ಮುಂದೇನಾಯಿತು? ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ರಾಣಿಯ ಗೆಲುವನ್ನು ಹಾಡುತ್ತದೆ; ಮೊಗಲರ ಕಡೆಯ ಬರಹಗಳು ಆಕೆ ದಂಡ ತೆತ್ತು ಪಾರಾದಳೆನ್ನುತ್ತವೆ.

ನಮ್ಮ ಚರಿತ್ರೆಪ್ರೇಮಿಗಳಿಗೆ ಈ ಭೇದ ಇರುಸುಮುರುಸು ತರಬಹುದು. ಆದರೆ ಝಾಂಗ್ ಯಿಮೋ ತನ್ನ ‘ಹೀರೋ’ (2002) ಚಿತ್ರವನ್ನು ಕಟ್ಟಿದ್ದೇ ಇಂಥ ಭೇದದ ಮೇಲೆ. ಒಂದೇ ಘಟನೆ ಅಲ್ಲಿ ಹಲವು ಬಾರಿ, ಪ್ರತಿಸಲವೂ ಬೇರೆ ಬಣ್ಣದಲ್ಲಿ ಬರುತ್ತದೆ. ಯಾವುದು ನಿಜವೆಂದು ತೂಗುವ ಕೆಲಸ ಪ್ರೇಕ್ಷಕನದು. ಚೆನ್ನಮ್ಮನನ್ನು ಬರಿಯ ಜಯಕಾರದ ಪ್ರತಿಮೆಯಾಗಿಸದೆ, ಅಪಾಯವನ್ನು ಅರಿತೇ ನಿರ್ಧರಿಸಿದ ಆಡಳಿತಗಾರ್ತಿಯಾಗಿ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಯಾವುದು?

ಕಥೆಯಿದ್ದರೆ ಸಾಲದು, ಅದನ್ನು ಆಡಿತೋರಿಸುವ ದೇಹಗಳು ಬೇಕು. ಚೀನೀ ಸಾಹಸಚಿತ್ರಗಳು ಆ ದೇಹಗಳನ್ನು ಪಡೆದದ್ದು ರಂಗಭೂಮಿಯಿಂದ. ಜಾಕಿ ಚಾನ್ ಹಾಂಗ್‌ಕಾಂಗಿನಲ್ಲಿ ಬಾಲ್ಯ ಕಳೆದದ್ದು ಪೀಕಿಂಗ್ ಆಪೆರಾದ ಗುರುಕುಲದಲ್ಲಿ. ಕಿಂಗ್ ಹು ತನ್ನ ‘ಎ ಟಚ್ ಆಫ್ ಜೆನ್’ (1971) ಚಿತ್ರದ ಕಾಳಗಗಳನ್ನು ಆಪೆರಾದಲ್ಲಿ ಪಳಗಿದವರಿಂದಲೇ ಸಂಯೋಜಿಸಿದ. ಮಲೆನಾಡಿನಲ್ಲಿ ಈ ಸ್ಥಾನ ಯಕ್ಷಗಾನದ್ದು. ಚೆಂಡೆಯ ಪೆಟ್ಟಿಗೆ ಸರಿಯಾಗಿ ಮಂಡಿಕುಣಿತ ಹಾಕುವ, ಬಿಲ್ಲು ಹಿಡಿದು ರಂಗಸ್ಥಳವನ್ನೇ ರಣಾಂಗಣವಾಗಿಸುವ ವೇಷಧಾರಿಯ ಕಸುವನ್ನು ನಮ್ಮ ಸಿನಿಮಾ ಸಾಹಸದೃಶ್ಯಗಳಿಗೆ ಬಳಸಿಕೊಂಡದ್ದು ತೀರ ಕಡಿಮೆ. ಯಕ್ಷಗಾನ ತೆರೆಗೆ ಬಂದಾಗಲೂ ಬಹುಮಟ್ಟಿಗೆ ಅಲಂಕಾರವಾಗಿಯೇ ಬಂದಿದೆ.

ಕನ್ನಡದಲ್ಲಿ ಇಂಥ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಜಪಾನಿನ ಕುರೊಸಾವನ ಸಮುರಾಯ್ ಚಿತ್ರಗಳಿಂದ ಪ್ರೇರಣೆ ಪಡೆದರೂ ಕನ್ನಡದ ನೆಲದಲ್ಲೇ ಬೇರೂರಿತ್ತು. ಶಂಕರನಾಗ್ ಅವರನ್ನು ತೆರೆಗೆ ತಂದಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ತನ್ನ ಚಿತ್ರಸಮಾಜದ ಮೂಲಕ 1970ರ ದಶಕದಿಂದಲೇ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟಿತು. ನೋಡುವ ಕಣ್ಣು ಇಲ್ಲಿ ಆಗಲೇ ಸಿದ್ಧವಾಗಿದೆ.

ಹಣವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೆಂಗ್ಡಿಯನ್ ಪಟ್ಟಣದಲ್ಲಿ ಚೀನೀಯರು ಅರಮನೆಗಳ ಪ್ರತಿಕೃತಿಗಳನ್ನೇ ಕಟ್ಟಿ ಧಾರಾವಾಹಿಗಳನ್ನು ತಯಾರಿಸುತ್ತಾರೆ. ಆ ವೈಭವ ನಮಗೆ ನಿಲುಕದು, ಬೇಕಾಗಿಯೂ ಇಲ್ಲ. ಕವಲೇದುರ್ಗದ ಶಿಥಿಲ ಗೋಡೆಗಳ ನಡುವೆ ಚಿತ್ರೀಕರಣದ ಲಾರಿಗಳು ನುಗ್ಗುವುದಂತೂ ಬೇಡವೇ ಬೇಡ. ಒಳ್ಳೆಯ ಚಿತ್ರಕಥೆ, ಯಕ್ಷಗಾನದ ಹತ್ತಾರು ಯುವ ಕಲಾವಿದರಿಗೆ ಒಂದು ವರ್ಷದ ತಾಲೀಮು, ಮಲೆನಾಡಿನ ಮಳೆ, ಕಾಡು—ಹತ್ತು ಕಂತುಗಳ ಧಾರಾವಾಹಿಗೆ ಇಷ್ಟರಿಂದಲೇ ತೊಡಗಬಹುದು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದಲ್ಲಿಗೆ ಆ ರಾಜ್ಯ ಮುಗಿಯಿತು. ಚೀನಾದ ಅಂತಃಪುರದ ಒಳಸಂಚುಗಳನ್ನು ಮೊಬೈಲಿನಲ್ಲಿ ಕಂತುಕಂತಾಗಿ ನೋಡುವ ನಮ್ಮ ಮಕ್ಕಳಿಗೆ, ತಮ್ಮೂರ ಕೋಟೆಯೊಳಗೆ ಏನು ನಡೆಯಿತೆಂಬುದೂ ಅಷ್ಟೇ ಕುತೂಹಲದ ಸಂಗತಿಯಾಗಬಲ್ಲದು. ಅದನ್ನು ಹೇಳುವ ಹೊಣೆ ಚೀನೀಯರದಲ್ಲ.