ಒಂದೂಕಾಲು ಅಂಗುಲದ ಬಂದೂಕು

ನಾರ್ಮಂಡಿಯ ಕಡಲದಂಡೆಯನ್ನು ಗೇಣುದ್ದದ ಹಲಗೆಯ ಮೇಲೆ ಕಟ್ಟಿ ನಿಲ್ಲಿಸುವ ಹವ್ಯಾಸಿಗಳು ಇಂಗ್ಲೆಂಡ್, ಅಮೆರಿಕ, ಜಪಾನ್ ಮುಂತಾದ ದೇಶಗಳಲ್ಲಿ ಬಹಳ ಮಂದಿ ಇದ್ದಾರೆ. ಅವರ ಮಾತಿನ ನಡುವೆ 'ಬ್ಯಾಂಗಲೋರ್' ಎಂಬ ಶಬ್ದ ಬಂದರೆ ಅದು ಊರಿನ ವಿಚಾರವಲ್ಲ. ಒಂದೂವರೆ ಮಿಲಿಮೀಟರ್ ದಪ್ಪದ, ನಾಲ್ಕೂಕಾಲು ಸೆಂಟಿಮೀಟರಿಗೆ ತುಸು ಹೆಚ್ಚು ಉದ್ದದ ಒಂದು ಕೊಳವೆಯ ವಿಚಾರ. ಬೆರಳುದ್ದದ ಪ್ಲಾಸ್ಟಿಕ್ ಸೈನಿಕನೊಬ್ಬ ಅದನ್ನು ಹಿಡಿದುಕೊಂಡು ಕೂದಲಿನಷ್ಟು ತೆಳುವಾದ ಮುಳ್ಳುತಂತಿಯ ಕಡೆಗೆ ತೆವಳುತ್ತಿರುತ್ತಾನೆ.

ಅಸಲು ವಸ್ತುವಿನ ಪೂರ್ಣ ಹೆಸರು ಬ್ಯಾಂಗಲೋರ್ ಟಾರ್ಪೆಡೊ. ಹೆಸರು ಟಾರ್ಪೆಡೊ ಆದರೂ ಇದಕ್ಕೂ ನೀರಿಗೂ ಸಂಬಂಧವಿಲ್ಲ. ಸ್ಫೋಟಕ ತುಂಬಿದ ಲೋಹದ ಕೊಳವೆಗಳನ್ನು ಒಂದರ ತುದಿಗೆ ಒಂದು ಜೋಡಿಸುತ್ತಾ ಶತ್ರುವಿನ ಮುಳ್ಳುತಂತಿಯ ಅಡಿಗೆ ತಳ್ಳುವುದು, ಆಮೇಲೆ ದೂರದಿಂದ ಸಿಡಿಸಿ ದಾರಿ ಮಾಡಿಕೊಳ್ಳುವುದು ಇದರ ಕ್ರಮ. ಬೆಂಗಳೂರಿನಲ್ಲಿ ನೆಲೆಸಿದ್ದ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ಇದನ್ನು ರೂಪಿಸಿದ. ಇಂದು ಹಲಸೂರು ಕೆರೆಯ ಪಕ್ಕದಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಆ ಪಡೆಯ ಮುಂದಿನ ರೂಪ. ಎರಡು ಮಹಾಯುದ್ಧಗಳಲ್ಲೂ ಇದು ಬಳಕೆಯಾಯಿತು. 1944ರ ಜೂನ್ 6ರಂದು ಅಮೆರಿಕನ್ ಸೈನಿಕರು ನಾರ್ಮಂಡಿಯ ಒಮಾಹಾ ದಂಡೆಯಲ್ಲಿ ಇದೇ ಕೊಳವೆಗಳಿಂದ ತಂತಿಬೇಲಿ ಒಡೆದರು. 'ದಿ ಲಾಂಗೆಸ್ಟ್ ಡೇ' (1962), 'ಸೇವಿಂಗ್ ಪ್ರೈವೇಟ್ ರಯಾನ್' (1998) ಚಿತ್ರಗಳನ್ನು ನೋಡಿದವರಿಗೆ ಆ ದೃಶ್ಯ ನೆನಪಿರಬಹುದು.

ಕೊಳವೆ ತಾನೆ, ಅದರ ಪುಟ್ಟ ಮಾದರಿ ಮಾಡುವುದರಲ್ಲಿ ಏನು ಮಹಾ ಕಷ್ಟ ಎನಿಸಬಹುದು. ಕಷ್ಟ ಎಲ್ಲಿದೆ ಎಂದು ತಿಳಿಯಲು ಮೊದಲು ಅಳತೆಯ ಲೆಕ್ಕಕ್ಕೆ ಬರಬೇಕು.

ಸೈನಿಕ ಮಾದರಿಗಳಲ್ಲಿ ಅತ್ಯಂತ ಜನಪ್ರಿಯವಾದ ಪ್ರಮಾಣ 1:35. ಅಂದರೆ ಮಾದರಿ ನಿಜವಾದ ವಸ್ತುವಿನ ಮೂವತ್ತೈದನೆಯ ಒಂದು ಭಾಗ. ಈ ವಿಚಿತ್ರ ಸಂಖ್ಯೆ ಯಾವ ಗಣಿತಜ್ಞನ ಆಯ್ಕೆಯೂ ಅಲ್ಲ. ಜಪಾನಿನ ಶಿಜುಓಕಾ ನಗರದ ತಮಿಯಾ ಕಂಪನಿ 1961ರಲ್ಲಿ ಜರ್ಮನರ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯನ್ನು ರೂಪಿಸಿತು. ಅದು ಮೋಟಾರಿನಿಂದ ಓಡುವ ಆಟಿಕೆಯೂ ಆಗಿದ್ದುದರಿಂದ ಒಳಗೆ ಎರಡು ಬ್ಯಾಟರಿ ಸೆಲ್ಲುಗಳು ಹಿಡಿಯಬೇಕಿತ್ತು. ಸೆಲ್ಲುಗಳು ಹಿಡಿಸುವಷ್ಟು ದೊಡ್ಡದಾಗಿ ಟ್ಯಾಂಕು ತಯಾರಾಯಿತು. ಅದು ಚೆನ್ನಾಗಿ ಮಾರಾಟವಾದ ಮೇಲೆ, ಮುಂದಿನವನ್ನೂ ಅದೇ ಪ್ರಮಾಣದಲ್ಲಿ ಮಾಡೋಣವೆಂದು ಅಳೆದು ನೋಡಿದರೆ ಸುಮಾರು 35ರಲ್ಲಿ ಒಂದು ಪಾಲು ಬಂತು! ಸಂಸ್ಥೆಯನ್ನು ದೀರ್ಘಕಾಲ ಮುನ್ನಡೆಸಿದ ಶುನ್ಸಾಕು ತಮಿಯಾ ಅವರೇ ಇದನ್ನು ಬರೆದುಕೊಂಡಿದ್ದಾರೆ. ಎರಡು ಸೆಲ್ಲುಗಳು ನಿಶ್ಚಯಿಸಿದ ಅಳತೆ ಇಂದು ಜಗತ್ತಿನ ಅಳತೆಯಾಗಿದೆ.

ಈ ಅಳತೆಯಲ್ಲಿ ಲೀ-ಎನ್‌ಫೀಲ್ಡ್ ರೈಫಲಿನ ಉದ್ದ 32 ಮಿ.ಮೀ., ಅಂದರೆ ಒಂದೂಕಾಲು ಅಂಗುಲ. ಗುಂಡು ಹೊರಬರುವ ರಂಧ್ರ 0.22 ಮಿ.ಮೀ. ಸೈನಿಕನ ಹೆಗಲಪಟ್ಟಿ ಒಂದು ಮಿಲಿಮೀಟರಿಗಿಂತ ಕಡಿಮೆ ಅಗಲ. ಮನುಷ್ಯನ ತಲೆಗೂದಲು ಇಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪದ ತಂತಿಗೆ ಸಮ. ಇಂಥ ಜಗತ್ತಿನಲ್ಲಿ ಕಾರ್ಖಾನೆಯ ಅಚ್ಚು ಸೋಲುತ್ತದೆ. ಕೈಯಿಂದ ಮಾಡುವವನ ಕೆಲಸ ಶುರುವಾಗುವುದು ಅಲ್ಲಿಂದ.

ಅಚ್ಚು ಏಕೆ ಸೋಲುತ್ತದೆ? ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಮರದ ಎರಡು ಹೋಳುಗಳನ್ನು ಬಿಗಿದು ಪಾಕ ಸುರಿದು, ಆರಿದ ಮೇಲೆ ಹೋಳುಗಳನ್ನು ಬಿಡಿಸುತ್ತಾರೆ. ಬೊಂಬೆಯಲ್ಲಿ ಕೊಕ್ಕೆಯಂತೆ ಒಳಗೆ ಬಾಗಿದ ಭಾಗವಿದ್ದರೆ ಅಚ್ಚು ಬಿಡಿಸುವಾಗ ಮುರಿಯುತ್ತದೆ. ಅದಕ್ಕೇ ಸಕ್ಕರೆಯ ಕುದುರೆ ಆನೆಗಳ ಕಾಲುಗಳ ನಡುವಿನ ಸಂದು ತುಂಬಿಕೊಂಡಿರುತ್ತದೆ. ಪ್ಲಾಸ್ಟಿಕ್ ಕಿಟ್‌ನ ಅಚ್ಚು ಉಕ್ಕಿನದು, ಒಳಗೆ ನುಗ್ಗುವುದು ಬಿಸಿ ಪಾಲಿಸ್ಟೈರೀನ್; ಆದರೆ ನಿಯಮ ಅದೇ. ಹಾಗಾಗಿ ಹಳೆಯ ಕಿಟ್‌ಗಳ ರೈಫಲಿನಲ್ಲಿ ಟ್ರಿಗರಿನ ಸುತ್ತಲಿನ ಬಳೆ ಖಾಲಿಯಾಗಿರದೆ ಬಿಲ್ಲೆಯಂತೆ ತುಂಬಿಕೊಂಡಿರುತ್ತದೆ. ನಳಿಗೆಯ ತುದಿಯಲ್ಲಿ ರಂಧ್ರವಿರುವುದಿಲ್ಲ. ಎರಡು ಹೋಳು ಸೇರುವ ಕಡೆ ಉದ್ದಕ್ಕೂ ಗೆರೆ ಬೇರೆ.

ಇನ್ನೊಂದು ದೋಷ ದಪ್ಪದ್ದು. ಜರ್ಮನರ ಟ್ಯಾಂಕ್ ನಿರೋಧಕ ಫಿರಂಗಿ ಪಾಕ್-40ರ ಮುಂದಿನ ಗುರಾಣಿ 4 ಮಿ.ಮೀ. ದಪ್ಪದ ಎರಡು ತಗಡುಗಳದ್ದು. ಮಾದರಿಯಲ್ಲಿ ಒಂದೊಂದೂ 0.11 ಮಿ.ಮೀ. ಇರಬೇಕು. ಅಷ್ಟು ತೆಳುವಾದ ಸಂದಿಗೆ ಪ್ಲಾಸ್ಟಿಕ್ ಹರಿಯುವುದು ಕಷ್ಟ. ಅಚ್ಚಿನವರು ಒಂದು ಮಿಲಿಮೀಟರ್ ದಪ್ಪ ಇಟ್ಟರೆ ಲೆಕ್ಕದಲ್ಲಿ ಅದು 35 ಮಿ.ಮೀ. ಉಕ್ಕಾಯಿತು. ಅಂಥ ಗುರಾಣಿ ಹೊತ್ತ ಫಿರಂಗಿಯನ್ನು ನಾಲ್ಕು ಜನ ತಳ್ಳುವುದಿರಲಿ, ಅಲುಗಿಸುವುದೂ ಕಷ್ಟವಿತ್ತು. ನೋಡುವವನು ಲೆಕ್ಕ ಹಾಕದಿದ್ದರೂ ಅವನ ಕಣ್ಣಿಗೆ ಏನೋ ತಪ್ಪಿದೆ ಎಂದು ತಿಳಿದುಬಿಡುತ್ತದೆ. ಅನುಭವಿಗಳು ಇದಕ್ಕೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯನ್ನು ಕತ್ತರಿಸುತ್ತಾರೆ. ಅದರ ಗೋಡೆಯ ದಪ್ಪ ಸುಮಾರು 0.1 ಮಿ.ಮೀ. ಕಸದ ಬುಟ್ಟಿ ಸೇರಬೇಕಾದ ವಸ್ತು ಬಹುತೇಕ ಕರಾರುವಾಕ್ಕಾಗಿ ಒದಗಿಬರುತ್ತದೆ.

ಕಿಟ್‌ನ ನೆರವಿಲ್ಲದೆ ಹೀಗೆ ಎಲ್ಲವನ್ನೂ ಕೈಯಾರೆ ಮಾಡುವುದಕ್ಕೆ ಸ್ಕ್ರ್ಯಾಚ್ ಬಿಲ್ಡಿಂಗ್ ಎಂದು ಹೆಸರು. ಓಟದ ಪಂದ್ಯದಲ್ಲಿ ನೆಲದ ಮೇಲೆ ಗೀಚಿದ ಆರಂಭದ ಗೆರೆಯಿಂದ ಈ ಮಾತು ಹುಟ್ಟಿದ್ದು. ಯಾವ ರಿಯಾಯಿತಿಯೂ ಇಲ್ಲದೆ ಮೊದಲ ಗೆರೆಯಿಂದಲೇ ಹೊರಡುವುದು ಎಂದರ್ಥ.

ಆಯುಧಗಳ ಪುಟ್ಟ ಮಾದರಿ ಹವ್ಯಾಸಿಗಳ ಕಾಲಕ್ಕೂ ಹಳೆಯದು. ಇಂಗ್ಲೆಂಡಿನ ವುಲ್ವಿಚ್‌ನಲ್ಲಿ 1778ರಲ್ಲಿ ವಿಲಿಯಂ ಕಾಂಗ್ರೀವ್ ಎಂಬ ಸೇನಾಧಿಕಾರಿ ಫಿರಂಗಿ ದಳದವರ ತರಬೇತಿಗಾಗಿ ಒಂದು ಸಂಸ್ಥೆ ಕಟ್ಟಿದ. ಫಿರಂಗಿ, ಗಾಡಿ, ಕೋಟೆಗಳ ಮಾದರಿಗಳ ದೊಡ್ಡ ಸಂಗ್ರಹ ಅಲ್ಲಿ ಬೆಳೆಯಿತು. (ಅವನ ಮಗನ ಹೆಸರೂ ವಿಲಿಯಂ ಕಾಂಗ್ರೀವ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಮೈಸೂರಿನ ರಾಕೆಟ್‌ಗಳು ವುಲ್ವಿಚ್ ಸೇರಿದವು; ಅವುಗಳಿಂದ ಪ್ರೇರಣೆ ಪಡೆದು ತನ್ನದೇ ರಾಕೆಟ್ ರೂಪಿಸಿದವನು ಈ ಮಗ.) ಸೇನೆಗೆ ಮಾದರಿ ಎಂದರೆ ಪಾಠದ ಸಾಧನ; ಮಕ್ಕಳಿಗೆ ಆಟಿಕೆ. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯತೊಡಗಿದ ಮೇಲೆ ಅವರು ಮನೆಮನೆಗೂ ಬಂದರು. ಆ ಸೈನಿಕರ ಹೆಗಲ ಮೇಲಿನ ಬಂದೂಕುಗಳೋ, ನಿಜ ಹೇಳಬೇಕೆಂದರೆ, ಒನಕೆಯಂತಿದ್ದವು. ಇಂದಿನ ಹವ್ಯಾಸಿ ಆಟಿಕೆಯ ಗಾತ್ರವನ್ನು ಉಳಿಸಿಕೊಂಡು ವುಲ್ವಿಚ್‌ನ ನಿಖರತೆಯನ್ನು ಕೇಳುತ್ತಾನೆ.

ರೈಫಲ್ ಮಾಡುವ ಬಗೆ ಹೀಗೆ. ಅಳತೆಯ ನಕ್ಷೆಯೊಂದನ್ನು ಫೋಟೊಕಾಪಿ ಯಂತ್ರದಲ್ಲಿ 1:35ಕ್ಕೆ ಇಳಿಸಿ, ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪದ ಪಾಲಿಸ್ಟೈರೀನ್ ಹಾಳೆಯ ಮೇಲೆ ಅಂಟಿಸುತ್ತಾರೆ. ಬ್ಲೇಡಿನಿಂದ ಮರದ ಹಿಡಿಯ ಆಕಾರ ಕತ್ತರಿಸಿ, ಸಣ್ಣ ಅರದಿಂದ ಅಂಚುಗಳನ್ನು ಉಜ್ಜಿ ದುಂಡಗೆ ಮಾಡುತ್ತಾರೆ. ನಳಿಗೆಗೆ ಆಸ್ಪತ್ರೆಯ ಇಂಜೆಕ್ಷನ್ ಸೂಜಿ. 26ನೇ ನಂಬರಿನ ಸೂಜಿಯ ಹೊರ ಅಳತೆ 0.46 ಮಿ.ಮೀ., ಒಳ ರಂಧ್ರ 0.26 ಮಿ.ಮೀ. ರೈಫಲ್ ನಳಿಗೆಗೆ ಇದಕ್ಕಿಂತ ಹತ್ತಿರದ ವಸ್ತು ಹುಡುಕಿದರೂ ಸಿಗದು. ರಂಧ್ರವೂ ತಾನಾಗಿಯೇ ಬಂದಿದೆ. ಟ್ರಿಗರಿನ ಬಳೆಗೆ ತಾಮ್ರದ ತೆಳು ಪಟ್ಟಿ. ಬೋಲ್ಟಿನ ಹಿಡಿಕೆಗೆ ಒಂದು ಚೂರು ತಂತಿ, ಅದರ ತುದಿಯ ಗುಂಡಿಗೆ ಒಂದು ಹನಿ ಅಂಟು. ಪಾಲಿಸ್ಟೈರೀನಿಗೆ ಬಳಸುವ ದ್ರಾವಕ ವಾಸ್ತವವಾಗಿ ಅಂಟಲ್ಲ. ಅದು ಎರಡೂ ಮೈಗಳನ್ನು ತುಸು ಕರಗಿಸಿ ಒಂದಾಗಿಸಿ ತಾನು ಆರಿಹೋಗುತ್ತದೆ. ಹೆಚ್ಚಾದರೆ ಒಂದು ಸಂಜೆಯ ಕೆಲಸವೆಲ್ಲ ಕರಗಿ ಮುದ್ದೆಯಾಗುವುದೂ ಉಂಟು.

ಇನ್ನೂ ಸಣ್ಣ ಕಡ್ಡಿಗಳು ಬೇಕಾದಾಗ ಮೇಣದ ಬತ್ತಿ ಸಾಕು. ಕಿಟ್‌ನ ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿನ ತುಂಡನ್ನು ಉರಿಯ ಮೇಲೆ ಹಿಡಿದು, ಮೆತ್ತಗಾದೊಡನೆ ಎರಡೂ ಕೈಯಿಂದ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಇದರಲ್ಲೊಂದು ಸೋಜಿಗವಿದೆ. ಎಳೆಯುವ ತುಂಡು ಚೌಕವಾಗಿದ್ದರೆ ಎಳೆಯೂ ಚೌಕ. ಟೊಳ್ಳು ಕೊಳವೆಯನ್ನು ಎಳೆದರೆ ಕೂದಲಿನಷ್ಟಾದ ಮೇಲೂ ಟೊಳ್ಳಾಗಿಯೇ ಇರುತ್ತದೆ.

ಹಾಗಾದರೆ ಬ್ಯಾಂಗಲೋರ್ ಟಾರ್ಪೆಡೊ? ನಾರ್ಮಂಡಿಯಲ್ಲಿ ಬಳಸಿದ ಅಮೆರಿಕನ್ ಮಾದರಿಯ ಒಂದು ಕೊಳವೆ ಐದು ಅಡಿ ಉದ್ದ, ಎರಡು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ದಪ್ಪ. ಒಂದೂವರೆ ಮಿ.ಮೀ. ಪ್ಲಾಸ್ಟಿಕ್ ಕಡ್ಡಿಯನ್ನು 43 ಮಿ.ಮೀ.ಗೆ ಕತ್ತರಿಸಿದರೆ ಮುಗಿಯಿತಲ್ಲ? ಮುಗಿಯಲಿಲ್ಲ. ಎರಡು ಕೊಳವೆ ಸೇರುವಲ್ಲಿ ಒಂದು ಗಿಡ್ಡ ತೋಳು ಇರುತ್ತದೆ, ಸ್ಪ್ರಿಂಗ್ ಕೊಕ್ಕೆಗಳಿಂದ ಅದು ಕೊಳವೆಯನ್ನು ಕಚ್ಚಿ ಹಿಡಿಯುತ್ತದೆ. ಮುಂದಿನ ತುದಿಗೆ ಗುಂಡನೆಯ ಮೂತಿ. ಮಣ್ಣಿನಲ್ಲಿ, ತಂತಿಯಲ್ಲಿ ಸಿಕ್ಕಿಕೊಳ್ಳದೆ ಜಾರಿ ಹೋಗಲಿ ಎಂದು. ಈ ಮೂತಿ ಹಿಂದಿನ ತುದಿಗೆ ಬಂದರೆ, ಅಥವಾ ತೋಳಿಲ್ಲದೆ ಎರಡು ಕಡ್ಡಿ ಸೇರಿಬಿಟ್ಟರೆ, ಮಾಡಿದವನಿಗೆ ಅದು ಏನು ಕೆಲಸ ಮಾಡುವ ವಸ್ತು ಎಂದೇ ಗೊತ್ತಿಲ್ಲ ಎಂದಾಯಿತು. ಬೇಲಿಯ ತಂತಿಗೆ ಹಳೆಯ ಮೋಟಾರಿನಿಂದ ಬಿಚ್ಚಿದ ತಾಮ್ರದ ಎಳೆ ಬೇಕು. ಎರಡು ಎಳೆ ಹೊಸೆದು, ಮೂರು ಮಿ.ಮೀ.ಗೊಂದರಂತೆ ಮುಳ್ಳು ಗಂಟು ಹಾಕಬೇಕು. ಒಂದು ಮೊಳ ಬೇಲಿಗೆ ಕೆಲವು ರಾತ್ರಿಗಳೇ ಹೋಗುತ್ತವೆ.

ಇದೆಲ್ಲ ಆದರೂ ಒಂದು ಸಂಗತಿ ಉಳಿಯುತ್ತದೆ: ತೂಕ. ಅಸಲು ಕೊಳವೆ ಒಂದೊಂದೂ ಸುಮಾರು ಆರು ಕಿಲೋ. ಒದ್ದೆ ಬಟ್ಟೆಯಲ್ಲಿ, ಗುಂಡಿನ ಮಳೆಯ ಕೆಳಗೆ, ಮರಳಿನ ಮೇಲೆ ಅದನ್ನು ಎಳೆದುಕೊಂಡು ಹೋದವರಲ್ಲಿ ಎಷ್ಟೋ ಮಂದಿ ಬೇಲಿಯವರೆಗೆ ತಲುಪಲೇ ಇಲ್ಲ. ಮಾದರಿಯ ಕೊಳವೆಗೆ ತೂಕವೇ ಇಲ್ಲ. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅದನ್ನು ಹಿಡಿದ ಸೈನಿಕನ ತೋಳು ಸೆಟೆದಿರಬೇಕು, ಹೆಗಲು ಒಂದು ಕಡೆ ಬಾಗಿರಬೇಕು, ಬೆರಳುಗಳು ಕೊಳವೆಯನ್ನು ನಿಜವಾಗಿ ಸುತ್ತಿರಬೇಕು. ಕೈಗೂ ಆಯುಧಕ್ಕೂ ನಡುವೆ ಬೆಳಕು ತೂರಿದರೆ ಅಷ್ಟೂ ಶ್ರಮ ವ್ಯರ್ಥ. ಹಲವು ಪ್ರದರ್ಶನ ಮಾದರಿಗಳು ಸೋಲುವುದು ಇಲ್ಲಿಯೇ. ಆಯುಧ ಅದ್ಭುತವಾಗಿರುತ್ತದೆ, ಹೊತ್ತವನು ಮಾತ್ರ ಹೂವು ಹಿಡಿದವನಂತೆ ನಿಂತಿರುತ್ತಾನೆ. ಅಮೆರಿಕದ ಶೆಪ್ ಪೇನ್ (1946–2015) ಈ ಹವ್ಯಾಸದಲ್ಲಿ ಗುರುವೆನಿಸಿದ್ದು ಆಯುಧಗಳ ನಿಖರತೆಯೊಂದರಿಂದಲೇ ಅಲ್ಲ. ಮಾದರಿಯೊಂದು ಕಥೆ ಹೇಳಬೇಕೆಂಬುದನ್ನು ಒಂದು ತಲೆಮಾರಿಗೆ ಕಲಿಸಿದವರು ಅವರು. 1980ರಲ್ಲಿ ಬಂದ ಅವರ ಕೈಪಿಡಿಯನ್ನು ಹವ್ಯಾಸಿಗಳು ಇಂದಿಗೂ ತೆರೆಯುತ್ತಾರೆ.

ಭಾರತದ ಸೈನಿಕನನ್ನು ಮಾಡಹೊರಟವನಿಗಂತೂ ಕೈಕೆಲಸ ತಪ್ಪಿದ್ದಲ್ಲ. ಅಂಗಡಿಯ ಪೆಟ್ಟಿಗೆಗಳಲ್ಲಿ ಜರ್ಮನರು, ಅಮೆರಿಕನ್ನರು ಬೇಕಾದಷ್ಟು ಸಿಗುತ್ತಾರೆ, ಭಾರತೀಯರು ಅಪರೂಪ. ನಾರ್ಮಂಡಿಯ ಬ್ರಿಟಿಷ್ ಸೈನಿಕನ ರೈಫಲನ್ನು ತೆಗೆದು 1944ರ ಕೊಹಿಮಾದ ಭಾರತೀಯ ಸಿಪಾಯಿಗೆ ಕೊಟ್ಟರೆ ಸರಿಹೋಗುವುದಿಲ್ಲ. ಬ್ರಿಟಿಷರ ಕೈಗೆ ಆಗ ಬಂದಿದ್ದುದು 'ನಂಬರ್ 4'. ಅದರ ನಳಿಗೆಯ ತುದಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಬರ್ಮಾ ರಂಗದ ಭಾರತೀಯ ಪಡೆಗಳಲ್ಲಿ ಬಹುಮಟ್ಟಿಗೆ ಇದ್ದದ್ದು ಹಳೆಯ 'ನಂಬರ್ 1 ಮಾರ್ಕ್ 3'. ಕೋಲ್ಕತ್ತಾ ಸಮೀಪದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಅದರ ಮೂತಿ ಮೊಂಡು. ಮಾದರಿಯಲ್ಲಿ ಇವೆರಡರ ವ್ಯತ್ಯಾಸ ಎರಡು ಮಿಲಿಮೀಟರ್. ಆದರೆ ಆ ಎರಡು ಮಿಲಿಮೀಟರಿನಲ್ಲಿ ಯಾವ ಸೇನೆಗೆ ಹೊಸದು ಮೊದಲು ಸಿಕ್ಕಿತು, ಯಾರು ಹಳೆಯದರಲ್ಲೇ ಹೋರಾಡಿದರು ಎಂಬ ಚರಿತ್ರೆ ಅಡಗಿದೆ.

ಬಣ್ಣದಲ್ಲಿಯೂ ಇಂಥದೇ ವಿವೇಕ ಬೇಕು. ಬಂದೂಕಿನ ಉಕ್ಕು ಕಪ್ಪೆಂದು ಕಪ್ಪು ಬಳಿದರೆ ಅದು ಇದ್ದಿಲಿನಂತೆ ಕಾಣುತ್ತದೆ. ಕಡುಬೂದು ಬಳಿದು, ಒಣಗಿದ ಮೇಲೆ ಮೆತ್ತನೆಯ ಪೆನ್ಸಿಲಿನ ಪುಡಿಯನ್ನು ಬೆರಳಿನಿಂದ ಅಂಚುಗಳಿಗೆ ಉಜ್ಜಿದರೆ ಸವೆದ ಉಕ್ಕಿನ ಹೊಳಪು ಬರುತ್ತದೆ. ಎಲ್ಲೆಂದರಲ್ಲಿ ಅಲ್ಲ, ಕೈ ತಾಗುವ ಬೋಲ್ಟಿನ ಮೇಲೆ, ನೆಲಕ್ಕೆ ಊರುವ ಬುಡದ ತಗಡಿನ ಮೇಲೆ.

ಕೊಲ್ಲುವ ವಸ್ತುವಿಗೆ ಇಷ್ಟು ಅಕ್ಕರೆಯೇ ಎಂಬ ಆಕ್ಷೇಪ ಹೊಸದಲ್ಲ, ಅದರಲ್ಲಿ ಹುರುಳಿಲ್ಲವೆನ್ನುವಂತೆಯೂ ಇಲ್ಲ. ಹೊಳೆಯುವ ಟ್ಯಾಂಕುಗಳ ಸಾಲನ್ನು ಕಪಾಟಿನಲ್ಲಿಟ್ಟು ಸಂಭ್ರಮಿಸುವವರೂ ಈ ಹವ್ಯಾಸದಲ್ಲಿದ್ದಾರೆ. ಆದರೆ ಕೊಳವೆಯ ತೂಕವೆಷ್ಟು, ಅದನ್ನು ಹೊತ್ತವನು ಎಷ್ಟು ದೂರ ತೆವಳಬೇಕಿತ್ತು ಎಂದು ಲೆಕ್ಕ ಹಾಕುತ್ತಾ ತಿಂಗಳುಗಟ್ಟಲೆ ಕೂತವನಿಗೆ ಯುದ್ಧ ಆಟವಾಗಿ ಉಳಿಯುವುದು ಅಷ್ಟು ಸುಲಭವಲ್ಲ.

ಈಚೆಗೆ ಕೆಲಸದ ಸ್ವರೂಪ ಬದಲಾಗಿದೆ. 1980ರ ದಶಕದಿಂದ ಆಮ್ಲದಲ್ಲಿ ಕೊರೆದ ಹಿತ್ತಾಳೆಯ ತೆಳು ಬಿಡಿಭಾಗಗಳೂ ರಾಳದಲ್ಲಿ ಎರಕ ಹೊಯ್ದ ಆಯುಧಗಳೂ ಮಾರುಕಟ್ಟೆಗೆ ಬಂದವು. ಈಗ ಕಂಪ್ಯೂಟರಿನ ನಕ್ಷೆಯಿಂದ ಪದರ ಪದರವಾಗಿ ವಸ್ತುವನ್ನು ಮೂಡಿಸುವ ತ್ರೀಡಿ ಮುದ್ರಣ ಯಂತ್ರಗಳಿವೆ. ಅವಕ್ಕೆ ಎರಡು ಹೋಳಿನ ಅಚ್ಚಿನ ಕಟ್ಟಳೆ ಇಲ್ಲ. ಟ್ರಿಗರಿನ ಬಳೆ, ನಳಿಗೆಯ ರಂಧ್ರ, ತಿರುಪು ಮೊಳೆಯ ತಲೆಯ ಸೀಳು ಎಲ್ಲವೂ ಒಮ್ಮೆಗೇ ಬರುತ್ತವೆ. ಸೂಜಿ, ಅರ, ಭೂತಗನ್ನಡಿ ಹಿಡಿದು ಕೂತವನು ವಾರದಲ್ಲಿ ಮಾಡಿದ್ದನ್ನು ಯಂತ್ರ ಕೆಲವು ಗಂಟೆಗಳಲ್ಲಿ ಡಜನ್‌ಗಟ್ಟಲೆ ಕೊಡುತ್ತದೆ, ನಿಖರತೆಯಲ್ಲೂ ಒಂದು ಕೈ ಮೇಲೆ. ಅದರೊಡನೆ ಪೈಪೋಟಿಗಿಳಿಯುವುದು ಹಟವೇ ಸರಿ. ಆದರೂ ಹೆಗಲಪಟ್ಟಿಯನ್ನು ಮಾತ್ರ ಬಹಳ ಮಂದಿ ಇನ್ನೂ ಕೈಯಲ್ಲೇ ಮಾಡುತ್ತಾರೆ. ಪಟ್ಟಿ ಹೇಗೆ ಇಳಿಬೀಳುತ್ತದೆ ಎಂಬುದು ಬಂದೂಕನ್ನು ಅವಲಂಬಿಸಿಲ್ಲ. ಈ ಸೈನಿಕನ ಈ ಹೆಗಲು ಎಷ್ಟು ಬಾಗಿದೆ ಎಂಬುದನ್ನು ಅವಲಂಬಿಸಿದೆ. ಅದಕ್ಕಾಗಿ ತೆಳುವಾದ ಕಾಗದವನ್ನು ಒಂದು ಮಿಲಿಮೀಟರಿಗಿಂತ ಕಿರಿದಾಗಿ ಸೀಳಿ, ತೆಳ್ಳಗೆ ಮಾಡಿದ ಅಂಟಿನಲ್ಲಿ ನೆನೆಸಿ, ಬಂದೂಕಿನ ಎರಡು ಬಳೆಗಳಿಗೆ ಚಿಮಟದಿಂದ ಪೋಣಿಸಿ, ಹೆಗಲ ಮೇಲಿಟ್ಟು, ಅದು ತನ್ನಷ್ಟಕ್ಕೆ ಬಾಗಿ ಒಣಗುವವರೆಗೆ ಕಾಯುತ್ತಾರೆ.