ಒಂದೇ ದೆವ್ವದ ಸೀರಿಯಲ್ಲನ್ನು ಮತ್ತೆ ಮತ್ತೆ ನೋಡುವುದು ಮಾನಸಿಕ ಕಾಯಿಲೆಯ ಲಕ್ಷಣವೇ?

ನೋಡಿದ ಸೀರಿಯಲ್ಲನ್ನೇ ಪದೇ ಪದೇ ನೋಡುವವರು ಖಿನ್ನತೆಯಲ್ಲಿರುತ್ತಾರೆ ಎನ್ನುವ ಮಾತು ಒಂದು ಕಡೆ. ಹಾಗೆ ನೋಡುವವರ ಬುದ್ಧಿ ಚುರುಕು, ಅವರ ಆತಂಕ ತಾನಾಗಿಯೇ ಗುಣವಾಗುತ್ತದೆ ಎನ್ನುವ ಮಾತು ಇನ್ನೊಂದು ಕಡೆ. ಎರಡೂ ನಮ್ಮ ಮೊಬೈಲಿಗೆ ಬರುತ್ತವೆ, ಕೆಲವೊಮ್ಮೆ ಒಂದೇ ಗ್ರೂಪಿನಲ್ಲಿ. ಎರಡರ ಮೇಲೂ 'ಮನಃಶಾಸ್ತ್ರಜ್ಞರು ಹೇಳುತ್ತಾರೆ' ಎಂದಿರುತ್ತದೆ. ಯಾವ ಮನಃಶಾಸ್ತ್ರಜ್ಞರು, ಯಾವಾಗ ಹೇಳಿದರು, ಎಷ್ಟು ಜನರನ್ನು ನೋಡಿ ಹೇಳಿದರು ಎಂಬುದು ಮಾತ್ರ ಇರುವುದಿಲ್ಲ.

ಪಿಜಿಯಲ್ಲಿರುವ ಮಗಳು ದಿನಾ ರಾತ್ರಿ ಅದೇ ಹಳೆಯ ದೆವ್ವದ ಸೀರಿಯಲ್ ಹಾಕಿಕೊಂಡು ಮಲಗುತ್ತಾಳೆ ಎಂದು ಗೊತ್ತಾದ ಅಪ್ಪ ಅಮ್ಮನಿಗೆ ಇಂಥ ಮೆಸೇಜ್ ಬಂದರೆ ಗಾಬರಿಯಾಗುವುದು ಸಹಜ. ಹಾಗಾಗಿ ಈ ವಿಷಯದಲ್ಲಿ ನಿಜಕ್ಕೂ ಏನು ಸಂಶೋಧನೆ ನಡೆದಿದೆ ಎಂದು ನೋಡೋಣ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ನೋಡಿದ್ದನ್ನೇ ಇಷ್ಟಪಟ್ಟು ಮತ್ತೆ ನೋಡುವುದು ಕಾಯಿಲೆಯೂ ಅಲ್ಲ, ಕಾಯಿಲೆಗೆ ಔಷಧಿಯೂ ಅಲ್ಲ.

ಉದಾಹರಣೆಗೆ ಒಂದು ಸೀರಿಯಲ್ಲನ್ನೇ ತೆಗೆದುಕೊಳ್ಳೋಣ. ಅಮೆರಿಕದ 'ಸೂಪರ್‌ನ್ಯಾಚುರಲ್' 2005ರ ಸೆಪ್ಟೆಂಬರ್ 13ರಂದು ಶುರುವಾಗಿ 2020ರ ನವೆಂಬರ್ 19ರಂದು ಮುಗಿಯಿತು. 15 ಸೀಸನ್, 327 ಎಪಿಸೋಡ್. ಎರಿಕ್ ಕ್ರಿಪ್ಕೆ ಇದರ ಸೃಷ್ಟಿಕರ್ತ. ಐದು ಸೀಸನ್ನಿಗೆ ಕಥೆ ಮುಗಿಸುವ ಯೋಚನೆ ಅವರದಾಗಿತ್ತು. ಸೀರಿಯಲ್ ಅದರ ಮೂರರಷ್ಟು ಓಡಿತು. ಸ್ಯಾಮ್ ಮತ್ತು ಡೀನ್ ವಿಂಚೆಸ್ಟರ್ ಎಂಬ ಅಣ್ಣತಮ್ಮಂದಿರು 1967ರ ಮಾಡೆಲ್ಲಿನ ಕಪ್ಪು ಶೆವ್ರೋಲೆ ಇಂಪಾಲಾ ಕಾರಿನಲ್ಲಿ ಊರೂರು ಸುತ್ತಿ ದೆವ್ವ, ಪಿಶಾಚಿಗಳನ್ನು ಬೇಟೆಯಾಡುತ್ತಾರೆ. ಕಥೆ ಇಷ್ಟೇ.

ನಾಲ್ಕೈದು ಎಪಿಸೋಡ್ ನೋಡಿದವರಿಗೆ ಅದರ ಸೂತ್ರ ಬಾಯಿಪಾಠವಾಗುತ್ತದೆ. ಮೊದಲ ಎರಡು ಮೂರು ನಿಮಿಷದಲ್ಲಿ ನಮಗೆ ಪರಿಚಯವೇ ಇಲ್ಲದ ಯಾರೋ ಒಬ್ಬರು ಸಾಯುತ್ತಾರೆ. ಅಣ್ಣತಮ್ಮಂದಿರು ಆ ಊರಿಗೆ ಬರುತ್ತಾರೆ. ರಾಕ್ ಸಂಗೀತಗಾರರ ಹೆಸರು ಬರೆದ ನಕಲಿ ಎಫ್‌ಬಿಐ ಗುರುತಿನ ಚೀಟಿ ತೋರಿಸಿ ಸತ್ತವರ ಮನೆಯವರನ್ನು ಮಾತಾಡಿಸುತ್ತಾರೆ. ಅಗ್ಗದ ಲಾಡ್ಜಿನಲ್ಲಿ ಕೂತು ಹಳೆಯ ದಾಖಲೆ ತಿರುವಿ ಹಾಕುತ್ತಾರೆ. ಮೊದಲ ಅನುಮಾನ ಸಾಮಾನ್ಯವಾಗಿ ತಪ್ಪಾಗಿರುತ್ತದೆ. ಕೊನೆಗೆ ಗೋರಿ ಅಗೆದು, ಮೂಳೆಗೆ ಉಪ್ಪು ಹಾಕಿ ಸುಟ್ಟರೆ ದೆವ್ವದ ಕಾಟ ಮುಗಿಯಿತು. ಕಾರಿನಲ್ಲಿ ಇಬ್ಬರೂ ಏನೋ ಮನೆಯ ಮಾತಾಡುತ್ತಾ ಹೊರಡುತ್ತಾರೆ. ಜಾಹೀರಾತು ಬಿಟ್ಟರೆ ಸುಮಾರು 42 ನಿಮಿಷ. ಎಲ್ಲ ಎಪಿಸೋಡೂ ಹೀಗಿಲ್ಲ, ಮುಂದೆ ಮುಂದೆ ದೇವದೂತರು, ಪ್ರಳಯ ಎಲ್ಲಾ ಬಂದು ಕಥೆ ದೊಡ್ಡದಾಗುತ್ತದೆ. ಆದರೆ ಮತ್ತೆ ನೋಡಲು ಕೂತಾಗ ಒಂದು ವಾರಕ್ಕೊಂದು ದೆವ್ವದ ಈ ಹಳೆಯ ಎಪಿಸೋಡುಗಳೇ ಹಿತ ಅನ್ನಿಸುತ್ತವೆ ಎಂಬುದು ನಮ್ಮ ಅಭಿಪ್ರಾಯ. 1993ರಲ್ಲಿ ಶುರುವಾದ 'ದಿ ಎಕ್ಸ್-ಫೈಲ್ಸ್'ಗೂ ಇದೇ ಮಾತು ಹೊಂದುತ್ತದೆ.

ಈಗ ಪ್ರಶ್ನೆ. ಕೊಲೆಗಾರ ಯಾರು ಎಂದು ಗೊತ್ತಿದೆ, ದೆವ್ವ ಯಾವ ಬಾಗಿಲಿಂದ ಬರುತ್ತದೆ ಎಂದೂ ಗೊತ್ತಿದೆ. ಆದರೂ ಯಾಕೆ ಬೇಕು?

ಗೊತ್ತಿರುವುದರಲ್ಲಿ ಏನಿದೆ?

ಕುತೂಹಲ ಹೋದರೆ ರುಚಿ ಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. 2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊನಾಥನ್ ಲೀವಿಟ್ ಮತ್ತು ನಿಕೋಲಸ್ ಕ್ರಿಸ್ಟನ್‌ಫೆಲ್ಡ್ ಇದನ್ನು ಪರೀಕ್ಷೆ ಮಾಡಿದರು. 12 ಸಣ್ಣಕಥೆಗಳನ್ನು ಕೆಲವರಿಗೆ ಅಂತ್ಯ ಮೊದಲೇ ಹೇಳಿ, ಕೆಲವರಿಗೆ ಹೇಳದೆ ಓದಲು ಕೊಟ್ಟರು. ಒಟ್ಟಾರೆ ನೋಡಿದರೆ ಅಂತ್ಯ ಗೊತ್ತಿದ್ದವರಿಗೇ ಕಥೆ ತುಸು ಹೆಚ್ಚು ಹಿಡಿಸಿತ್ತು. ಪತ್ತೇದಾರಿ ಕಥೆಯಲ್ಲೂ ಹಾಗೆಯೇ. ಆಮೇಲೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿದೆ. ಹಾಗಾಗಿ 'ಅಂತ್ಯ ಗೊತ್ತಿದ್ದರೇ ಮಜಾ' ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಅದೂ ಅರ್ಧಸತ್ಯ. ಅಂತ್ಯ ಗೊತ್ತಾದ ಮಾತ್ರಕ್ಕೆ ಕಥೆ ಸತ್ತುಹೋಗುವುದಿಲ್ಲ ಎನ್ನುವಷ್ಟು ಮಾತ್ರ ಧೈರ್ಯವಾಗಿ ಹೇಳಬಹುದು.

ಷಿಕಾಗೊ ವಿಶ್ವವಿದ್ಯಾಲಯದ ಎಡ್ ಓಬ್ರಯನ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ನೇರವಾಗಿದೆ. ಈಗಾಗಲೇ ಅನುಭವಿಸಿದ್ದನ್ನು ಇನ್ನೊಮ್ಮೆ ಮಾಡಿದರೆ ಎಷ್ಟು ಖುಷಿಯಾಗಬಹುದು ಎಂದು ಜನರನ್ನು ಊಹಿಸಲು ಹೇಳಿ, ನಿಜಕ್ಕೂ ಇನ್ನೊಮ್ಮೆ ಮಾಡಿದವರ ಖುಷಿಯ ಜೊತೆ ಅದನ್ನು ಹೋಲಿಸಿ ನೋಡಿದರು. ಜನ ಊಹಿಸಿದ್ದಕ್ಕಿಂತ ನಿಜವಾದ ಖುಷಿ ಹೆಚ್ಚಿತ್ತು. ಮೊದಲ ಸಲ ನಮ್ಮ ಗಮನಕ್ಕೆ ಬಾರದ್ದು ಎರಡನೇ ಸಲ ಕಾಣುತ್ತದೆ ಎನ್ನುವುದು ಒಂದು ಕಾರಣ. ಒಂದು ಸಲ ನೋಡಿದ್ದಕ್ಕೇ 'ಎಲ್ಲಾ ನೋಡಾಯ್ತು' ಎಂದು ನಮ್ಮ ತಲೆ ಲೆಕ್ಕ ಹಾಕಿಬಿಡುತ್ತದೆ, ಆ ಲೆಕ್ಕ ತಪ್ಪು.

ಚಿಕ್ಕ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಮೆರಿಕದ ಮಕ್ಕಳ ಕಾರ್ಯಕ್ರಮ 'ಬ್ಲೂಸ್ ಕ್ಲೂಸ್'ನ ಒಂದೇ ಎಪಿಸೋಡನ್ನು ಸತತ ಐದು ದಿನ ತೋರಿಸಿ ನಡೆಸಿದ ಅಧ್ಯಯನ 1999ರಲ್ಲಿ ಬಂತು. ದಿನ ಕಳೆದಂತೆ ಮಕ್ಕಳಿಗೆ ಅದು ಹೆಚ್ಚು ಅರ್ಥವಾಗುತ್ತಾ ಹೋಯಿತು, ಟಿವಿಯ ಪ್ರಶ್ನೆಗಳಿಗೆ ಅವರು ಕೂಗಿ ಉತ್ತರ ಕೊಡುವುದೂ ಹೆಚ್ಚಿತು. ಅಜ್ಜಿ ಹೇಳಿದ ಕಥೆಯನ್ನೇ ಮತ್ತೆ ಹೇಳಿಸಿಕೊಂಡು, ನಡುವೆ ಒಂದು ಮಾತು ಬಿಟ್ಟರೆ ಜಗಳಕ್ಕೆ ನಿಲ್ಲುವ ಮಗುವನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಪರದೆಯ ಮೇಲಿನ ನೆಂಟರು

ಒಂಟಿತನದ ವಿಷಯಕ್ಕೆ ಬರೋಣ, ಯಾಕೆಂದರೆ ಹೆದರಿಸುವ ಮೆಸೇಜುಗಳು ಹಿಡಿದುಕೊಳ್ಳುವುದು ಇದನ್ನೇ. ಜೇ ಡೆರಿಕ್, ಶಿರಾ ಗೇಬ್ರಿಯಲ್ ಮತ್ತು ಕರ್ಟ್ ಹ್ಯೂಗನ್‌ಬರ್ಗ್ 2009ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಒಂಟಿತನ ಕಾಡಿದಾಗ ಜನ ತಮ್ಮ ಮೆಚ್ಚಿನ ಟಿವಿ ಕಾರ್ಯಕ್ರಮದ ಕಡೆ ತಿರುಗುತ್ತಾರೆ, ಅದನ್ನು ನೋಡುವಾಗ ಒಂಟಿತನ ಕಡಿಮೆ ಅನ್ನಿಸುತ್ತದೆ ಎಂದು ಅದರಲ್ಲಿ ಭಾಗವಹಿಸಿದವರು ಹೇಳಿಕೊಂಡರು. ಒಂದು ಪ್ರಯೋಗದಲ್ಲಿ ಆತ್ಮೀಯರೊಂದಿಗೆ ಆದ ಜಗಳವನ್ನು ನೆನಪಿಸಿಕೊಂಡವರು, ಆಮೇಲೆ ಮೆಚ್ಚಿನ ಕಾರ್ಯಕ್ರಮದ ಬಗ್ಗೆ ಬರೆಯಲು ಹೇಳಿದಾಗ ಉಳಿದವರಿಗಿಂತ ಹೆಚ್ಚು ಉದ್ದ ಬರೆದರು. ಮುಖ್ಯವಾದ ಸಂಗತಿ, ಈ ಪರಿಣಾಮ ಮೆಚ್ಚಿನ ಕಾರ್ಯಕ್ರಮಕ್ಕೆ ಮಾತ್ರ ಇತ್ತು. ಟಿವಿಯಲ್ಲಿ ಆ ಹೊತ್ತಿಗೆ ಬರುತ್ತಿದ್ದದ್ದನ್ನು ನೋಡಿದರೆ ಇರಲಿಲ್ಲ.

ಪರದೆಯ ಮೇಲಿನವರ ಜೊತೆ ಹೀಗೆ ಒಂದು ಕಡೆಯಿಂದ ಮಾತ್ರ ಬೆಳೆಯುವ ನಂಟಿನ ಬಗ್ಗೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದಿದ್ದರು. ಸೂಪರ್‌ನ್ಯಾಚುರಲ್‌ನಂಥ ಸೀರಿಯಲ್ಲಿನಲ್ಲಿ ಹದಿನೈದು ವರ್ಷ ಅದೇ ಇಬ್ಬರು ನಟರು, ಜೇರೆಡ್ ಪ್ಯಾಡಲೆಕಿ ಮತ್ತು ಜೆನ್ಸನ್ ಆಕಲ್ಸ್, ಕಣ್ಣೆದುರೇ ವಯಸ್ಸಾಗುತ್ತಾ ಹೋಗುತ್ತಾರೆ. ಡೀನ್ ಯಾವ ಮಾತಿಗೆ ರೇಗುತ್ತಾನೆ, ಸ್ಯಾಮ್ ಯಾವಾಗ ಮೌನವಾಗುತ್ತಾನೆ ಎಂಬುದು ನೋಡುವವರಿಗೆ ಸ್ವಂತ ಅಣ್ಣತಮ್ಮಂದಿರಷ್ಟೇ ಗೊತ್ತು. ದೆವ್ವ ಪ್ರತಿ ವಾರ ಬದಲಾಗುತ್ತದೆ, ಇವರು ಬದಲಾಗುವುದಿಲ್ಲ.

ಡೆರಿಕ್ ಅವರದ್ದೇ 2013ರ ಇನ್ನೊಂದು ಅಧ್ಯಯನವಿದೆ. ಮನಸ್ಸನ್ನು ಬಿಗಿಹಿಡಿದು ಕೆಲಸ ಮಾಡಿ ದಣಿದವರು ಪರಿಚಿತ ಕಥಾಲೋಕಕ್ಕೆ ಹೋಗಿಬಂದರೆ ಚೇತರಿಸಿಕೊಳ್ಳುತ್ತಾರೆ ಎನ್ನುವುದು ಅದರ ತಿರುಳು. ಮತ್ತೆ ನೋಡುವುದರಿಂದ ಶಕ್ತಿ ಬರುತ್ತದೆ ಎನ್ನುವ ವಾದಕ್ಕೆ ಇದು ಒಳ್ಳೆಯ ಆಧಾರದಂತೆ ಕಾಣುತ್ತದೆ. ಸ್ವಲ್ಪ ತಾಳಿ. ಮನೋನಿಯಂತ್ರಣ ಎನ್ನುವುದು ಬ್ಯಾಟರಿಯಂತೆ ಬಳಸಿದಷ್ಟೂ ಖಾಲಿಯಾಗುತ್ತದೆ ಎಂಬ ಸಿದ್ಧಾಂತದ ಮೇಲೆ ಆ ಅಧ್ಯಯನ ನಿಂತಿದೆ. ಆ ಸಿದ್ಧಾಂತವನ್ನು 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಟ್ಟಾಗಿ ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಬಂತು. ಆದ್ದರಿಂದ ಈ ಒಂದು ಅಧ್ಯಯನವನ್ನು ನಾವು ಹೆಚ್ಚು ಹಿಗ್ಗಿಸುವುದಿಲ್ಲ.

ಹಿತಕ್ಕೆ ಭಯವೇ ಯಾಕೆ ಬೇಕು?

ಹಾಸ್ಯದ ಸೀರಿಯಲ್ ಮತ್ತೆ ನೋಡುವುದು ಅರ್ಥವಾಗುತ್ತದೆ, ದೆವ್ವದ್ದು ಹೇಗೆ ನೆಮ್ಮದಿ ಕೊಡುತ್ತದೆ? ಇಂಥ ಸೀರಿಯಲ್ಲಿನ ದೆವ್ವಕ್ಕೆ ನಿಯಮಗಳಿವೆ ಎನ್ನುವುದರಲ್ಲಿ ಉತ್ತರ ಇದೆ ಎಂದು ನಮಗನ್ನಿಸುತ್ತದೆ. ಉಪ್ಪಿನ ಗೆರೆ ದಾಟುವುದಿಲ್ಲ, ಕಬ್ಬಿಣ ಕಂಡರೆ ಹಿಂದೆ ಸರಿಯುತ್ತದೆ, ಮೂಳೆ ಸುಟ್ಟರೆ ಹೋಗುತ್ತದೆ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರ ಹಿಂದಿನ ತರ್ಕವೂ ಇದೇ. ದೆವ್ವಕ್ಕೆ ಓದಲು ಬರುತ್ತದೆ, ಓದಿದ್ದನ್ನು ಪಾಲಿಸುತ್ತದೆ, ಹಾಗಾಗಿ ಸೀಮೆಸುಣ್ಣ ಸಾಕು. ಬ್ಯಾಂಕಿನ ಕಂತು, ಅಪ್ಪನ ಬಿಪಿ, ಆಫೀಸಿನಲ್ಲಿ ಯಾರ ಕೆಲಸ ಹೋಗುತ್ತದೋ ಎನ್ನುವ ಭಯ, ಇವುಗಳಿಗೆ ಅಂಥ ಸುಲಭದ ನಿಯಮ ಇಲ್ಲ. 42 ನಿಮಿಷದಲ್ಲಿ ಮುಗಿಯುವುದೂ ಇಲ್ಲ.

ಕೋವಿಡ್ ಕಾಲದಲ್ಲಿ ಕೋಲ್ಟನ್ ಸ್ಕ್ರಿವ್ನರ್ ಮತ್ತು ಸಂಗಡಿಗರು 310 ಜನರನ್ನು ಪ್ರಶ್ನಿಸಿ ನಡೆಸಿದ ಅಧ್ಯಯನದಲ್ಲಿ, ಭಯಾನಕ ಸಿನಿಮಾ ಇಷ್ಟಪಡುವವರಲ್ಲಿ ಮಾನಸಿಕ ಯಾತನೆ ಕಡಿಮೆ ಇದ್ದದ್ದು ಕಂಡುಬಂತು. ಇದನ್ನು ಓದಿ 'ದೆವ್ವದ ಸಿನಿಮಾ ನೋಡಿ, ಗಟ್ಟಿಯಾಗಿ' ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಸಿನಿಮಾ ನೋಡಿದ್ದರಿಂದ ಅವರು ಗಟ್ಟಿಯಾದರೋ, ಗಟ್ಟಿ ಇದ್ದವರೇ ಅಂಥ ಸಿನಿಮಾ ನೋಡುತ್ತಾರೋ ಎಂಬುದನ್ನು ಆ ಅಧ್ಯಯನ ಹೇಳಲಾರದು.

ಇಲ್ಲಿ ಒಂದು ಮಾತು ಸೇರಿಸಬೇಕು. ಸೀರಿಯಲ್ಲಿನ ಮೊದಲ ಸೀಸನ್ನಿನಲ್ಲಿ ಡೀನ್ ಹಳೆಯ ವಾಕ್‌ಮನ್ ಬಿಚ್ಚಿ ಇಎಂಎಫ್ ಮೀಟರ್ ಮಾಡಿಕೊಂಡಿರುತ್ತಾನೆ, ದೆವ್ವ ಬಂದರೆ ಅದು ಕಿರ್ ಎನ್ನುತ್ತದೆ. ಅಂಗಡಿಯಲ್ಲಿ ಸಿಗುವ ಇಎಂಎಫ್ ಮೀಟರ್ ಅಳೆಯುವುದು ವಿದ್ಯುತ್ಕಾಂತೀಯ ಕ್ಷೇತ್ರವನ್ನು. ಗೋಡೆಯೊಳಗಿನ ವೈರು, ಫ್ರಿಜ್, ಮಿಕ್ಸಿ, ಕೈಯಲ್ಲಿರುವ ಫೋನು, ಎಲ್ಲವೂ ಅದರ ಮುಳ್ಳನ್ನು ಅಲ್ಲಾಡಿಸುತ್ತವೆ. ಅಂಥ ಮೀಟರ್ ಹಿಡಿದು 'ಈ ಬಂಗಲೆಯಲ್ಲಿ ಆತ್ಮವಿದೆ' ಎನ್ನುವ ವಿಡಿಯೋಗಳನ್ನು ಮಾತ್ರ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಟ್ಟುಕಥೆ ಎಂದು ತಾನೇ ಹೇಳಿಕೊಳ್ಳುವ ಸೀರಿಯಲ್ಲಿನಿಂದ ಯಾರಿಗೂ ತೊಂದರೆಯಿಲ್ಲ.

ಹಾಗಾದರೆ ಯಾವಾಗ ಯೋಚಿಸಬೇಕು?

ಮೂರನೇ ಸೀಸನ್ನಿನಲ್ಲಿ 'ಮಿಸ್ಟರಿ ಸ್ಪಾಟ್' ಎಂಬ ಎಪಿಸೋಡ್ ಇದೆ. ಸ್ಯಾಮ್‌ಗೆ ಅದೇ ಮಂಗಳವಾರ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅಣ್ಣ ಸಾಯುತ್ತಾನೆ. ಅಭಿಮಾನಿಗಳು ನಗುತ್ತಾ ಮತ್ತೆ ಮತ್ತೆ ನೋಡುವ ಎಪಿಸೋಡಿದು; ಸ್ಯಾಮ್‌ಗೆ ಮಾತ್ರ ನರಕ. ವ್ಯತ್ಯಾಸ ಏನೆಂದರೆ, ನೋಡುವವರು ಆ ಪುನರಾವರ್ತನೆಯನ್ನು ತಾವೇ ಆರಿಸಿಕೊಂಡಿರುತ್ತಾರೆ. ಮತ್ತೆ ಓದುವ, ಮತ್ತೆ ನೋಡುವ ಜನರನ್ನು ಸಂದರ್ಶಿಸಿ ಕ್ರಿಸ್ಟೆಲ್ ರಸೆಲ್ ಮತ್ತು ಸಿಡ್ನಿ ಲೆವಿ 2012ರಲ್ಲಿ ಬರೆದ ಪ್ರಬಂಧವೂ ಇದನ್ನೇ ಎತ್ತಿ ಹೇಳುತ್ತದೆ: ಅಭ್ಯಾಸಬಲದಿಂದ ಮಾಡುವುದೇ ಬೇರೆ, ಬೇಕೆಂದೇ ಮರಳಿ ಹೋಗುವುದೇ ಬೇರೆ.

ಆದ್ದರಿಂದ ನೋಡಬೇಕಾದದ್ದು ಸೀರಿಯಲ್ಲನ್ನಲ್ಲ, ಅದರ ಸುತ್ತಲಿನ ಬದುಕನ್ನು. ಮಗಳು ಕೆಲಸಕ್ಕೆ ಹೋಗುತ್ತಾಳೆ, ಗೆಳತಿಯರೊಂದಿಗೆ ಜಗಳ, ರಾಜಿ ಎಲ್ಲಾ ಇದೆ, ರಾತ್ರಿ ಒಂದು ಎಪಿಸೋಡ್ ಹಾಕುತ್ತಾಳೆ ಎಂದರೆ ಹೆದರುವಂಥದ್ದೇನೂ ಇಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ, ಊಟ ಏರುಪೇರಾಗಿದ್ದರೆ ಅದು ಖಿನ್ನತೆ ಇರಬಹುದು. ಆಗ ಆ ಮೆಚ್ಚಿನ ಸೀರಿಯಲ್ಲೂ ರುಚಿಸದೆ ಹೋಗುವುದುಂಟು, ಟಿವಿ ಸುಮ್ಮನೆ ಓಡುತ್ತಿರುತ್ತದೆ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮನೆಯ ಹಿರಿಯರ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಹಳೆಯ ಸೀರಿಯಲ್ಲನ್ನೇ ನೋಡುತ್ತಾರೆ, ಮರೆವಿನ ಕಾಯಿಲೆಯೇ ಎಂದು ಕೇಳುವವರಿದ್ದಾರೆ. 'ಇದು ನೋಡಿದ್ದೇ, ಆದರೂ ಚೆನ್ನಾಗಿದೆ' ಎಂದು ಅಜ್ಜಿ ಹೇಳಿದರೆ ಅವರ ನೆನಪು ನೆಟ್ಟಗಿದೆ. ನಿನ್ನೆ ಸಂಜೆಯಷ್ಟೇ ಕೂತು ನೋಡಿದ್ದು ಇವತ್ತು ನೆನಪೇ ಇಲ್ಲ, ಇಂಥದ್ದು ಬೇರೆ ವಿಷಯಗಳಲ್ಲೂ ಆಗುತ್ತಿದೆ ಎಂದಾದರೆ ವೈದ್ಯರಿಗೆ ತೋರಿಸಿ.

ಉಳಿದದ್ದು ನಿದ್ದೆ. ಗೊತ್ತಿರುವ ಕಥೆಯಾದ್ದರಿಂದ ಮುಂದೇನು ಎಂಬ ತುಡಿತ ಕಡಿಮೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಇದು ಅನುಕೂಲವೇ. ಆದರೆ ಒಂದು ಎಪಿಸೋಡ್ ಮುಗಿದ ತಕ್ಷಣ ಮುಂದಿನದು ತಾನಾಗಿ ಶುರುವಾಗುವ ಆಟೋಪ್ಲೇ ಆ ಅನುಕೂಲವನ್ನು ಕಿತ್ತುಕೊಳ್ಳುತ್ತದೆ. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಆ್ಯಪಿನ ಸೆಟ್ಟಿಂಗ್ಸಿಗೆ ಹೋಗಿ ಆಟೋಪ್ಲೇ ಆಫ್ ಮಾಡಿ. 327 ಎಪಿಸೋಡ್ ಎಂದರೆ ತಲಾ 42 ನಿಮಿಷದಂತೆ ಸುಮಾರು 229 ಗಂಟೆ. ರಾತ್ರಿಗೊಂದರಂತೆ ನೋಡಿದರೆ ಹೆಚ್ಚುಕಡಿಮೆ ಹನ್ನೊಂದು ತಿಂಗಳು ಬರುತ್ತದೆ.