ಮರಸು ಬೇಟೆ

ಮರಸು ಬೇಟೆ ಎಂದರೆ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗದೆ, ಅದು ಬರುವ ಹಾದಿಯಲ್ಲಿ, ಸಾಮಾನ್ಯವಾಗಿ ಮರದ ಮೇಲೆ, ಅಡಗಿ ಕುಳಿತು ಕೊಲ್ಲುವ ಬೇಟೆಯ ವಿಧಾನ. ಹೆಸರು ಮರದಿಂದ ಬಂದಿತೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅದು ‘ಮರೆ’ ಎಂಬ ಪದಕ್ಕೆ ಸಂಬಂಧಿಸಿದ್ದು. ಹಳಗನ್ನಡದಲ್ಲಿ ಇದನ್ನು ಶಕಟರೇಫದಿಂದ (ಱ) ಬರೆಯುತ್ತಿದ್ದರು. ಭಾರತದಲ್ಲಿ ಈ ಬೇಟೆ ಈಗ ಕಾನೂನುಬಾಹಿರ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಎರಡು ಬಗೆಯ ಭೂಮಿ ಒಂದನ್ನೊಂದು ಸಂಧಿಸುತ್ತವೆ. ಗೆಂಡೆಹಳ್ಳಿ, ಅರೇಹಳ್ಳಿ ಕಡೆ ಕಾಫಿ ತೋಟಗಳ ಮಲೆನಾಡು. ಹಳೇಬೀಡು ದಾಟಿ ಅರಸೀಕೆರೆಯತ್ತ ನಡೆದರೆ ಕುರುಚಲು ಗುಡ್ಡಗಳ ಬಯಲುಸೀಮೆ. ಮಲೆನಾಡಿನಲ್ಲಿ ಮರಸಿಗೆ ಕೂರುವವರು ಹಣ್ಣು ಉದುರುವ ಮರವನ್ನು ಹುಡುಕುತ್ತಿದ್ದರು. ಹಲಸು, ಅತ್ತಿ, ತಾರೆ, ನೆಲ್ಲಿ ಮರಗಳ ಬುಡಕ್ಕೆ ಹಂದಿ, ಕಡವೆ, ಕಾಡುಕುರಿಗಳು ತಾವಾಗಿ ಬರುತ್ತಿದ್ದವು. ಬಯಲುಸೀಮೆಯಲ್ಲಿ ಚಿರತೆಗೆ ಆಡನ್ನು ಕಟ್ಟಿ ಕಾಯುವುದೇ ರೂಢಿ.

ಸಾಧನಗಳು ಮತ್ತು ಅವುಗಳ ವೈಫಲ್ಯ

ಮರಸು ಬೇಟೆಯ ಬಂಡವಾಳ ನಿಶ್ಶಬ್ದ, ಕತ್ತಲೆ ಮತ್ತು ಅನುಕೂಲದ ಗಾಳಿ. ಬೇಟೆಯನ್ನು ಸುಲಭ ಮಾಡಲೆಂದು ಬಂದ ಬಹುತೇಕ ಸಲಕರಣೆಗಳು ಈ ಮೂರರಲ್ಲಿ ಒಂದನ್ನಾದರೂ ಕೆಡಿಸಿದವು.

ಬರಿಯ ಕೊಂಬೆಯ ಮೇಲೆ ಕುಳಿತವನ ಕಾಲು ಜೋಮು ಹಿಡಿಯುತ್ತದೆ; ತೂಕಡಿಸಿದರೆ ಬೀಳುತ್ತಾನೆ. ಚಗಳಿ ಇರುವೆಯ ಗೂಡಿರುವ ಮರವಾದರಂತೂ ಅಲುಗದೆ ಕೂರುವ ಮಾತೇ ಇಲ್ಲ. ಇದಕ್ಕೆ ಪರಿಹಾರವಾಗಿ ಕಟ್ಟಿದ ಅಟ್ಟಣೆಗೆ ಅದರದೇ ದೋಷಗಳಿದ್ದವು. ಹಸಿ ಬಳ್ಳಿಯಿಂದ ಬಿಗಿದ ಗಳುಗಳು ಬಳ್ಳಿ ಒಣಗಿದಂತೆ ಸಡಿಲಗೊಂಡು ಕಿರುಗುಟ್ಟುತ್ತವೆ. ಮರೆಗಾಗಿ ಕಟ್ಟಿದ ಸೊಪ್ಪು ಬಾಡಿ, ಸುತ್ತಲ ಹಸಿರಿನ ನಡುವೆ ಎದ್ದು ಕಾಣುತ್ತದೆ. ಅಟ್ಟಣೆ ಎತ್ತರವಾದಷ್ಟೂ ಗುರಿ ಕಡಿದಾಗುತ್ತದೆ: ಪಕ್ಕೆಗೆ ತಗುಲಬೇಕಾದ ಈಡು ಬೆನ್ನಿಗೆ ಬೀಳುತ್ತದೆ. ಎತ್ತರದಲ್ಲಿ ಕುಳಿತರೆ ಮನುಷ್ಯನ ವಾಸನೆ ಪ್ರಾಣಿಗೆ ತಗುಲದು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಗುಡ್ಡಗಾಡಿನಲ್ಲಿ ಸಂಜೆಯ ನಂತರ ತಂಪಾದ ಗಾಳಿ ಇಳಿಜಾರಿನ ಗುಂಟ ಕೆಳಗೆ ಹರಿಯುವುದರಿಂದ, ಮೇಲ್ಭಾಗದಲ್ಲಿ ಕುಳಿತವನ ವಾಸನೆ ಕಣಿವೆಯಿಂದ ಏರಿ ಬರುವ ಪ್ರಾಣಿಗೆ ಮೊದಲೇ ಮುಟ್ಟುತ್ತದೆ.

ಕೋವಿಯ ವಿಷಯದಲ್ಲಿ ನಿರಾಶೆ ಇನ್ನೂ ಹೆಚ್ಚು. ಕೇಪಿನ ಕೋವಿಯಲ್ಲಿ ಸಿಗುವುದು ಒಂದೇ ಈಡು. ಮಲೆನಾಡಿನ ಇಬ್ಬನಿಗೆ ಮದ್ದು ತೇವಗೊಂಡರೆ ಕೇಪು ಸಿಡಿದು ಸದ್ದಾಗುತ್ತದೆ, ಗುಂಡು ಹಾರುವುದಿಲ್ಲ. ಹಾರಿದರೂ ಕವಿದ ಹೊಗೆಯಲ್ಲಿ ಪ್ರಾಣಿ ಬಿತ್ತೋ ಓಡಿತೋ ತಿಳಿಯದು. ಸಣ್ಣ ಚರೆ ತುಂಬಿದ ಕೋವಿ ಹಂದಿಯಂಥ ದಪ್ಪ ಚರ್ಮದ ಪ್ರಾಣಿಯನ್ನು ಕೊಲ್ಲದೆ ಗಾಯ ಮಾತ್ರ ಮಾಡುತ್ತಿತ್ತು.

ಬ್ಯಾಟರಿ ಟಾರ್ಚ್ ಬಂದಾಗ ಕತ್ತಲೆಯ ತೊಡಕು ನೀಗಿತೆಂದೇ ಬೇಟೆಗಾರರು ತಿಳಿದರು. ಆದರೆ ಬೆಳಕಿಗೆ ಹೊಳೆಯುವುದು ಕಣ್ಣುಗಳು ಮಾತ್ರ. ಅವುಗಳ ಹಿಂದಿರುವ ದೇಹ ಯಾವುದೆಂದು ಅವು ಹೇಳುವುದಿಲ್ಲ. ಮೇಯಲು ಬಿಟ್ಟ ದನದ ಕಣ್ಣೂ ಹೊಳೆಯುತ್ತದೆ. ಕಾದು ಕೂರುವುದರಲ್ಲಿ ಹೆಸರಾದ ಜಿಮ್ ಕಾರ್ಬೆಟ್ ಕೂಡ ಗಢವಾಲದ ರುದ್ರಪ್ರಯಾಗದ ನರಭಕ್ಷಕ ಚಿರತೆಗಾಗಿ ಗೋಲಾಬ್ರಾಯ್‌ನ ಮಾವಿನ ಮರದಲ್ಲಿ ಹಲವು ರಾತ್ರಿ ಬರಿದೇ ಕುಳಿತ ಮೇಲೆ 1926ರ ಮೇ ತಿಂಗಳಿನಲ್ಲಿ ಅದನ್ನು ಕೊಂದರು.

ಮರವೇ ರಕ್ಷಣೆ ಎಂಬ ಭರವಸೆಯೂ ಎಲ್ಲ ಕಡೆ ನಿಲ್ಲದು. ಚಿರತೆ ಮತ್ತು ಕರಡಿ ಎರಡೂ ಮರ ಹತ್ತಬಲ್ಲವು. ಅರಸೀಕೆರೆ ಸುತ್ತಲಿನ ಜನರನ್ನು ಕೊಂದ ಕರಡಿಯೊಂದರ ಕಥನವನ್ನು ಕೆನೆತ್ ಆಂಡರ್ಸನ್ 1957ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಆಂಡರ್ಸನ್‌ರ ಬೇಟೆಯ ಅನುಭವಗಳನ್ನು ಕನ್ನಡ ಓದುಗರಿಗೆ ‘ಕಾಡಿನ ಕಥೆಗಳು’ ಮಾಲೆಯ ಮೂಲಕ ಪರಿಚಯಿಸಿದವರು ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ.

ಈ ಎಲ್ಲ ವೈಫಲ್ಯಗಳ ಬೆಲೆಯನ್ನು ತೆರುತ್ತಿದ್ದವನು ಮರದ ಮೇಲಿದ್ದವನಷ್ಟೇ ಅಲ್ಲ. ಗಾಯಗೊಂಡ ಪ್ರಾಣಿ ಕತ್ತಲೆಯಲ್ಲಿ ಪೊದೆ ಸೇರುತ್ತಿತ್ತು. ಸಾಧು ಪ್ರಾಣಿಯಾದರೆ ದಿನಗಟ್ಟಲೆ ನರಳಿ ಸಾಯುತ್ತಿತ್ತು. ಹಂದಿ, ಚಿರತೆಗಳಾದರೆ ಮರುದಿನ ಸೌದೆಗೋ ದನ ಕಾಯಲೋ ಹೋದ, ಬೇಟೆಯ ಸುದ್ದಿಯೇ ತಿಳಿಯದ ಮನುಷ್ಯನ ಮೇಲೆ ಎರಗುವ ಅಪಾಯವಿತ್ತು. ಬೇಟೆಯ ಪುಸ್ತಕಗಳಲ್ಲಿ ಗುರಿ ತಗುಲಿದ ಕಥೆಗಳಿಗೆ ಸಿಕ್ಕಷ್ಟು ಜಾಗ ಈ ಸಂಗತಿಗೆ ಸಿಕ್ಕಿಲ್ಲ.

ಸ್ಯಾಡಲ್ ಪದ್ಧತಿ

ಬೇಟೆಗೆ ಪರವಾನಗಿ ದೊರೆಯುವ ಅಮೆರಿಕದಲ್ಲಿ ಅಟ್ಟಣೆಯ ಬದಲು ‘ಸ್ಯಾಡಲ್’ ಬಳಕೆ ಹೆಚ್ಚಿದೆ. ಇದು ಸೊಂಟ ಮತ್ತು ತೊಡೆಗಳನ್ನು ಹಿಡಿದಿಡುವ ಪಟ್ಟಿಗಳ ಜೋಲಿ. ಬೇಟೆಗಾರನು ಇದನ್ನು ಹಗ್ಗದಿಂದ ಕಾಂಡಕ್ಕೆ ಬಿಗಿದು, ಸಣ್ಣ ಮೆಟ್ಟಿಲಿಗೆ ಕಾಲೂರಿ, ಹಿಂದಕ್ಕೆ ವಾಲಿ ನಿಲ್ಲುತ್ತಾನೆ. ಹಗುರವೆಂಬುದು ಇದರ ಹೆಗ್ಗಳಿಕೆ. ಆದರೆ ಕೆಲವು ಗಂಟೆ ಕಳೆದರೆ ಪಟ್ಟಿಗಳು ಸೊಂಟವನ್ನು ಹಿಂಡುತ್ತವೆ, ಕಾಂಡಕ್ಕೆ ಒತ್ತಿದ ಮಂಡಿ ನೋಯುತ್ತದೆ, ಲೋಹದ ಏಣಿತುಂಡುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಕಾಲಿಗೆ ಆಸರೆಯಿಲ್ಲದೆ ಅಲುಗದೆ ತೂಗಾಡಬೇಕಾಗಿ ಬಂದರೆ ರಕ್ತ ಕಾಲುಗಳಲ್ಲೇ ನಿಂತು ಪ್ರಜ್ಞೆ ತಪ್ಪುವ, ಪ್ರಾಣಕ್ಕೇ ಎರವಾಗುವ ಅಪಾಯವಿದೆ. ಮರಕ್ಕೆ ಕಟ್ಟಿಕೊಂಡು ಕೂರುವ ಉಪಾಯ ಕನ್ನಡ ನಾಡಿಗೆ ಹೊಸತಲ್ಲ; ಶಿರಸಿ ಸೀಮೆಯಲ್ಲಿ ಅಡಿಕೆ ಕೊಯ್ಯುವ ಕೊನೆಗೌಡರು ಪುಟ್ಟ ಮಣೆಯನ್ನು ಮರಕ್ಕೆ ಸಿಕ್ಕಿಸಿ ಅದರ ಮೇಲೆ ಕೂರುತ್ತಾರೆ. ಅವರದು ಒಂದು ಮರದಲ್ಲಿ ಸ್ವಲ್ಪ ಹೊತ್ತಿನ ಕೆಲಸ, ರಾತ್ರಿಯಿಡೀ ಕಾಯುವುದಲ್ಲ.

ಕಾನೂನು

1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯು ಮೊದಲ ರೂಪದಲ್ಲಿ ಪರವಾನಗಿಯ ಬೇಟೆಗೆ ಅವಕಾಶ ನೀಡಿತ್ತಾದರೂ ರಾತ್ರಿ ಬೇಟೆ, ಕೃತಕ ಬೆಳಕಿನ ಬಳಕೆ, ನೀರಿನ ತಾಣದಲ್ಲಿ ಹೊಂಚುವಿಕೆ ಇವುಗಳನ್ನು ನಿರ್ಬಂಧಿಸಿತ್ತು. ಮರಸು ಬೇಟೆಯ ಮುಖ್ಯ ಉಪಾಯಗಳೆಲ್ಲ ಇದರಲ್ಲಿ ಸೇರಿದ್ದವು. 1991ರ ತಿದ್ದುಪಡಿಯಲ್ಲಿ ಆ ಪರವಾನಗಿ ವ್ಯವಸ್ಥೆಯೇ ರದ್ದಾಯಿತು. ಕಾಯ್ದೆಯ ವ್ಯಾಖ್ಯೆಯಂತೆ ಆಮಿಷ ಒಡ್ಡುವುದೂ, ಕೊಲ್ಲುವ ಪ್ರಯತ್ನವೂ ಬೇಟೆಯೇ. ಗುಂಡು ಗುರಿ ತಪ್ಪಿತೆಂಬುದು ಸಮರ್ಥನೆಯಾಗದು. ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ ಪ್ರಾಣಿಯ ಬಗ್ಗೆ 11ನೆಯ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ನೀಡಬಹುದು.

ಬೆಳೆ ಕಾಯಲು ಹೊಲಗಳಲ್ಲಿ ಅಟ್ಟಣೆ ಕಟ್ಟುವ ರೂಢಿಗೂ ಬೇಟೆಗೂ ಸಂಬಂಧವಿಲ್ಲ. ಅಲ್ಲಿ ಕುಳಿತವರು ಅಡಗುವುದಿಲ್ಲ. ತಮಟೆ ಬಡಿದು, ಕೂಗಿ, ತಾವಿರುವುದನ್ನು ಪ್ರಾಣಿಗಳಿಗೆ ತಿಳಿಸುತ್ತಾರೆ. ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ತಗ್ಗಿನ ಅಟ್ಟಣೆ ಅಲ್ಲಿ ಸುರಕ್ಷಿತವಲ್ಲ. ಅದರ ಕಂಬಗಳು ಆನೆಯ ಬಲಕ್ಕೆ ತಡೆಯಲಾರವು.